ಎಲ್ಲ ಸಾಲುಗಳೂ ಓಡಿದ ಮೇಲೂ ದೋಷ ಉಳಿದದ್ದೇಕೆ?

ಪ್ರಶ್ನೆ: ಬಿಲ್ಲಿಂಗ್ ತಂತ್ರಾಂಶದ ಕೋಡನ್ನು ಮುಂದಿಟ್ಟುಕೊಂಡೇ ವೈಟ್ ಬಾಕ್ಸ್ ಪರೀಕ್ಷೆಗಳನ್ನು ಬರೆದೆ. ಸ್ಟೇಟ್‌ಮೆಂಟ್ ಕವರೇಜ್ (ಪರೀಕ್ಷೆಗಳಲ್ಲಿ ಓಡಿದ ಸಾಲುಗಳ ಪ್ರಮಾಣ) 100% ಬಂದಿದ್ದರೂ, ಸದಸ್ಯರಲ್ಲದ ಗ್ರಾಹಕರ ಬಿಲ್ ಮಾಡುವಾಗ ಪ್ರೋಗ್ರಾಂ ನಿಂತುಹೋಯಿತು. ನಾನು ಎಡವಿದ್ದೆಲ್ಲಿ?

ಉತ್ತರ 1: ನಿಮ್ಮ ಕೋಡಿನಲ್ಲಿ ಎಲ್ಸ್ ಇಲ್ಲದ ಇಫ್, ಅಂದರೆ ಸುಳ್ಳಾದರೆ ಏನು ಮಾಡಬೇಕೆಂದು ಹೇಳದ ಷರತ್ತು, ಇರಬೇಕು. ಗ್ರಾಹಕರು ಸದಸ್ಯರಾಗಿದ್ದರೆ ಮಾತ್ರ ರಿಯಾಯಿತಿಯ ಆಬ್ಜೆಕ್ಟ್ ಸೃಷ್ಟಿಯಾಗಿ, ಮುಂದಿನ ಸಾಲು ಅದನ್ನು ಬಳಸುವಂತಿದ್ದರೆ, ಸದಸ್ಯರೊಬ್ಬರ ಒಂದೇ ಪರೀಕ್ಷೆಯಲ್ಲಿ ಎಲ್ಲ ಸಾಲುಗಳೂ ಓಡಿಬಿಡುತ್ತವೆ; ಷರತ್ತು ಸುಳ್ಳಾದ ದಾರಿಯಲ್ಲಿ ಮಾತ್ರ ಆ ಆಬ್ಜೆಕ್ಟ್ ಇರಬೇಕಾದ ವೇರಿಯಬಲ್ ನಲ್ (ಖಾಲಿ) ಆಗಿಯೇ ಉಳಿಯುತ್ತದೆ. ದಯವಿಟ್ಟು ಬ್ರಾಂಚ್ ಕವರೇಜ್ (ಪ್ರತಿ ಷರತ್ತಿನ ನಿಜ, ಸುಳ್ಳು ಎರಡೂ ದಾರಿಗಳು ಓಡಿದವೇ ಎಂಬುದು) ಅಳೆಯಿರಿ.

ಉತ್ತರ 2: ಥಾಮಸ್ ಮೆಕೇಬ್ 1976ರಲ್ಲಿ ಮಂಡಿಸಿದ ಸೈಕ್ಲೊಮ್ಯಾಟಿಕ್ (ಕೋಡಿನ ಸಂಕೀರ್ಣತೆ ಅಳೆಯುವ) ಲೆಕ್ಕದಂತೆ, ಒಂದು ಫಂಕ್ಷನ್ನಿನಲ್ಲಿರುವ ಸರಳ ಷರತ್ತುಗಳ ಸಂಖ್ಯೆಗೆ ಒಂದನ್ನು ಕೂಡಿಸಿದರೆ ಪರೀಕ್ಷಿಸಬೇಕಾದ ಸ್ವತಂತ್ರ ದಾರಿಗಳ ಸಂಖ್ಯೆ ಸಿಗುತ್ತದೆ. ಆದರೆ ಬರೆಯಲು ಮರೆತ ಕೋಡನ್ನು ಯಾವ ಕವರೇಜೂ ತೋರಿಸದು. ಅದಕ್ಕೆ ತಂತ್ರಾಂಶ ಏನೇನು ಮಾಡಬೇಕೆಂಬ ಅಗತ್ಯಪಟ್ಟಿಯನ್ನೇ ಹಿಡಿದು ಪರೀಕ್ಷಿಸಬೇಕು.

ಪ್ರಶ್ನೆ ಕೇಳಿದವರು: ಸದಸ್ಯರಲ್ಲದವರ ಪರೀಕ್ಷೆಯನ್ನು ಸೇರಿಸಿದೊಡನೆ ರಿಯಾಯಿತಿ ಕಳೆಯುವ ಸಾಲಿನಲ್ಲೇ ನಲ್ ದೋಷ ಸಿಕ್ಕಿತು. ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು.