ಸಹಾಯ ಬೇಕು: ಬೇಸಿಗೆ ಬಂದಾಗಿಂದ ಗಿಟಾರ್ ಝರ್ ಅಂತಿದೆ

ಕಲಬುರಗಿಯಿಂದ ಬರೀತಿದ್ದೇನೆ. ಹೋದ ವರ್ಷ 30 ಸಾವಿರ ಕೊಟ್ಟು ಎಲೆಕ್ಟ್ರಿಕ್ ಗಿಟಾರ್ ತಗೊಂಡೆ. ತಂತಿಯ ಸದ್ದು ಹಿಡಿಯುವ ಪಿಕಪ್ ಮೂರು: ಎರಡು ಸಿಂಗಲ್ ಕಾಯಿಲ್, ಬ್ರಿಡ್ಜ್ ಹತ್ತಿರ ಒಂದು ಹಂಬಕರ್. ಭಾವಗೀತೆಗೂ ಸೈ, ರಾಕ್‌ಗೂ ಸೈ.

ನಮ್ಮೂರ ಒಣ ಬಿಸಿಲು ಗೊತ್ತಲ್ಲ. ಈಗ ಮೊದಲ ನಾಲ್ಕು ಫ್ರೆಟ್‌ನಲ್ಲಿ (ಕತ್ತಿನ, ಅಂದರೆ ನೆಕ್ ಮೇಲಿನ ಲೋಹದ ಅಡ್ಡಪಟ್ಟಿ) ಮಾತ್ರ ತಂತಿ ಝರ್ ಅನ್ನುತ್ತದೆ. ಹೊಸ ತಂತಿ ಹಾಕಿದೆ, ತಂತಿಯ ಎತ್ತರ ಹೊಂದಿಸುವ ಸ್ಯಾಡಲ್ ಎತ್ತಿದೆ. ಬೆರಳು ನೋವು ಜಾಸ್ತಿ ಆಯಿತು, ಸದ್ದು ಹೋಗಲಿಲ್ಲ. ತಂತಿಯನ್ನು ಮೊದಲ ಫ್ರೆಟ್, ಕೊನೆಯ ಫ್ರೆಟ್ ಎರಡರಲ್ಲೂ ಒತ್ತಿ ಹಿಡಿದರೆ ಏಳನೇ ಫ್ರೆಟ್ ಹತ್ತಿರ ತಂತಿಯ ಕೆಳಗೆ ಸಂದೇ ಇಲ್ಲ. ಅಂದರೆ ನೆಕ್ ಹಿಂದಕ್ಕೆ ಬಾಗಿದೆ, ಅಲ್ವಾ?

ಟ್ರಸ್ ರಾಡ್ (ನೆಕ್ ಬಾಗು ಹೊಂದಿಸುವ ಒಳಗಿನ ಲೋಹದ ಸರಳು) ಸಡಿಲ ಮಾಡಬೇಕು ಅನ್ನಿಸುತ್ತದೆ, ಆದರೆ ಕೈ ನಡುಗುತ್ತದೆ. ಹೈದರಾಬಾದಿಗೆ ಹೊತ್ತುಕೊಂಡು ಹೋಗೋದು ಕೊನೆಯ ದಾರಿ. ನಾನೇ ಕಾಲು ಸುತ್ತು ಸಡಿಲಿಸಿ ಒಂದು ದಿನ ಬಿಟ್ಟು ನೋಡಲಾ, ಇಲ್ಲ ಮಳೆಗಾಲ ಬಂದರೆ ತಾನೇ ಸರಿಹೋಗುತ್ತದಾ?