ಫ್ರಾಂಕ್ಲಿನ್ ಕೌಂಟಿಯ ಕಡತಗಳು: ಸುಡುವ ಮುನ್ನ ಪಟ್ಟಿ ಬೇಡವೇ?

ಕಡತಪ್ರಿಯ: ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದ ಗ್ರಾಮೀಣ ಪ್ರದೇಶವಾದ ಫ್ರಾಂಕ್ಲಿನ್ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು) 2013ರಲ್ಲಿ ನಡೆದದ್ದನ್ನು ಚರ್ಚೆಗೆ ಇಡುತ್ತಿದ್ದೇನೆ. ಲೂಯಿಸ್‌ಬರ್ಗ್‌ನಲ್ಲಿರುವ ನ್ಯಾಯಾಲಯದ ನೆಲಮಾಳಿಗೆಯಲ್ಲಿ, ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಿಂದ ಈಚಿನ ಕಾಗದಪತ್ರಗಳ ರಾಶಿ ಆ ವರ್ಷ ಪತ್ತೆಯಾಯಿತು. ಊರಿನ ಇತಿಹಾಸಾಸಕ್ತರು ಅವನ್ನು ವಿಂಗಡಿಸಿಕೊಡಲು ಮುಂದೆ ಬಂದರು. ಆದರೆ ಕಾಗದಗಳಿಗೆ ಬೂಷ್ಟು ಹಿಡಿದಿದೆ, ಉಳಿಸಬೇಕಾದವನ್ನು ದಶಕಗಳ ಹಿಂದೆಯೇ ರಾಜಧಾನಿ ರಾಲಿಯಲ್ಲಿರುವ ರಾಜ್ಯ ಪತ್ರಾಗಾರಕ್ಕೆ ಒಯ್ಯಲಾಗಿದೆ, ಮಿಕ್ಕವು ಅವಧಿ ಮುಗಿದವು ಎಂಬ ಕಾರಣಗಳನ್ನು ನೀಡಿ ಡಿಸೆಂಬರ್‌ನಲ್ಲಿ ಅವನ್ನು ಸುಟ್ಟುಹಾಕಲಾಯಿತು. ಎಲ್ಲವನ್ನೂ ಉಳಿಸಬೇಕಿತ್ತೆಂದು ನಾನು ವಾದಿಸುತ್ತಿಲ್ಲ. ಒಂದೊಂದು ಕಟ್ಟಿನಲ್ಲಿ ಏನಿದೆ ಎಂದು ಬರೆದಿಡುವವರೆಗಾದರೂ ಕಾಯಬೇಕಿತ್ತು ಎನ್ನುವುದಷ್ಟೇ ನನ್ನ ಆಕ್ಷೇಪ.

ನಿವೃತ್ತ ಶಿರಸ್ತೇದಾರ: ದಫ್ತರದಲ್ಲಿ ಕೆಲಸ ಮಾಡದವರಿಗೆ ಇದು ಅನ್ಯಾಯವಾಗಿಯೇ ಕಾಣುತ್ತದೆ. ನಮ್ಮಲ್ಲಿಯೂ 1917ರ ದಾಖಲೆ ನಾಶ ಅಧಿನಿಯಮವು ನ್ಯಾಯಾಲಯದ ಕಾಗದಪತ್ರಗಳ ವಿಲೇವಾರಿಗೆ ನಿಯಮ ಮಾಡುವ ಅಧಿಕಾರವನ್ನು ಹೈಕೋರ್ಟುಗಳಿಗೆ ಕೊಟ್ಟಿದೆ. ತೀರ್ಪು, ಡಿಕ್ರಿಗಳಿಗಿರುವ ಬೆಲೆ ಜಾರಿಯಾಗಿ ಹಿಂತಿರುಗಿದ ಸಮನ್ಸಿಗೋ ವಾಯಿದೆ ಕೇಳಿದ ಅರ್ಜಿಗೋ ಇರುವುದಿಲ್ಲ. ಹಳೆಯದನ್ನು ತೆಗೆಯದೆ ಹೋದರೆ ಇಂದಿನ ಕಕ್ಷಿದಾರನ ಕಡತಕ್ಕೆ ರ್‍ಯಾಕಿನಲ್ಲಿ ಜಾಗ ಎಲ್ಲಿಂದ ಬರಬೇಕು? ಬೂಷ್ಟಿನ ಮಾತಂತೂ ನೆಪವಲ್ಲ. ಅದರ ನಡುವೆ ದಿನವಿಡೀ ಕೂರುವ ಗುಮಾಸ್ತನ ಉಬ್ಬಸವನ್ನು ಇತಿಹಾಸಪ್ರೇಮಿಗಳು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಕಾಗದ ಸಂರಕ್ಷಕಿ: ಗುಮಾಸ್ತರ ಆರೋಗ್ಯದ ವಿಷಯದಲ್ಲಿ ಸರ್ ಹೇಳಿದ್ದು ಸರಿ, ಆದರೆ ಬೂಷ್ಟು ಹಿಡಿದ ಕಾಗದಕ್ಕೆ ಬೆಂಕಿಯೊಂದೇ ಮದ್ದಲ್ಲ. ಒದ್ದೆಯಿದ್ದರೆ ಅದನ್ನು ಶೀತಲೀಕರಿಸಿ ಬೂಷ್ಟಿನ ಬೆಳವಣಿಗೆಯನ್ನು ತಡೆಯಬಹುದು. ಆಮೇಲೆ ಒಣಗಿಸಿ, ಮುಖಗವಸು ಕೈಗವಸು ತೊಟ್ಟು, ಸೂಕ್ಷ್ಮ ಕಣಗಳನ್ನೂ ಹಿಡಿದಿಡುವ ಫಿಲ್ಟರ್ ಇರುವ ವ್ಯಾಕ್ಯೂಮಿನಿಂದ ಒಂದೊಂದೇ ಹಾಳೆಯನ್ನು ಶುಚಿಗೊಳಿಸಬಹುದು. ಖರ್ಚಿನ ಬಾಬ್ತು ನಿಜ. ಪಕ್ಕದ ವರ್ಜೀನಿಯಾ ಅದಕ್ಕೊಂದು ದಾರಿ ಕಂಡುಕೊಂಡಿದೆ: ಜಮೀನಿನ ಪತ್ರಗಳನ್ನು ನೋಂದಾಯಿಸುವಾಗ ವಸೂಲಾಗುವ ಶುಲ್ಕದ ಒಂದು ಪಾಲು ಕೌಂಟಿ ನ್ಯಾಯಾಲಯಗಳ ಹಳೆಯ ಕಡತಗಳ ರಕ್ಷಣೆಗೆ ಹೋಗುತ್ತದೆ. ಅಲ್ಲಿನ ಹಳೆಯ ಕಾಗದಗಳನ್ನು ಮೂರು ಮಡಿಕೆ ಮಾಡಿ, ಬೆನ್ನ ಮೇಲೆ ವಾದಿ ಪ್ರತಿವಾದಿಗಳ ಹೆಸರು ಬರೆದು, ಬಟ್ಟೆಯ ಟೇಪಿನಿಂದ ಬಿಗಿದು ಇಡುತ್ತಿದ್ದರು. ಅಂಥ ಕಟ್ಟನ್ನು ಹಾಗೆಯೇ ಬಿಡಿಸಲು ಹೋದರೆ ಮಡಿಕೆಯ ಗೆರೆಯಲ್ಲೇ ಕಾಗದ ಸೀಳುತ್ತದೆ. ಆದ್ದರಿಂದ ಮೊದಲು ತುಸು ತೇವಾಂಶ ಕೊಟ್ಟು ಮೆತ್ತಗಾಗಿಸಿ, ಬಿಡಿಸಿ, ಭಾರ ಹೇರಿ ಚಪ್ಪಟೆ ಮಾಡಿ, ಆಮ್ಲರಹಿತ ಹೊದಿಕೆಯೊಳಗೆ ಇಡುತ್ತಾರೆ. ಹೆಸರುಗಳ ಸೂಚಿ ಆ ಹೊತ್ತಿನಲ್ಲೇ ಸಿದ್ಧವಾಗುತ್ತದೆ.

ಕೇರಿಯಿಂದ ಕೇರಿಗೆ: ವರ್ಜೀನಿಯಾದ ಚಾನ್ಸರಿ ದಾವೆಗಳು, ಅಂದರೆ ನಮ್ಮ ಪಾಲುವಿಭಾಗದ ದಾವೆಗಳಂಥವು, ಯಾಕೆ ಮುಖ್ಯವೆಂದು ಯಾರೂ ಪ್ರಸ್ತಾಪಿಸಲಿಲ್ಲ. ಯಜಮಾನ ಸತ್ತು ವಾರಸುದಾರರು ಆಸ್ತಿಗಾಗಿ ಜಗಳವಾಡಿದಾಗ, ಕುದುರೆ ನೇಗಿಲುಗಳ ಜೊತೆಗೆ ಗುಲಾಮರನ್ನೂ ಹೆಸರು, ವಯಸ್ಸು, ಬೆಲೆ ಸಮೇತ ಪಟ್ಟಿ ಮಾಡಿ ನ್ಯಾಯಾಲಯಕ್ಕೆ ಸಲ್ಲಿಸುತ್ತಿದ್ದರು. 1850 ಮತ್ತು 1860ರ ಜನಗಣತಿಯ ಗುಲಾಮರ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಒಡೆಯನ ಹೆಸರಷ್ಟೇ ಇರುತ್ತದೆ. ಅವನ ಕೆಳಗೆ ವಯಸ್ಸು, ಲಿಂಗ, ಮೈಬಣ್ಣ. ಬಿಡುಗಡೆ ಹೊಂದಿದ ಆ ಜನರ ಹೆಸರು ಜನಗಣತಿಗೆ ಬಂದದ್ದು 1870ರಲ್ಲಿ. ಅದಕ್ಕೂ ಹಿಂದಿನ ತನ್ನ ಮುತ್ತಜ್ಜಿಯನ್ನು ಹುಡುಕುವ ಆಫ್ರಿಕನ್ ಅಮೆರಿಕನ್ನನಿಗೆ ಇನ್ಯಾರದೋ ಪಾಲುಪಟ್ಟಿಯೇ ಆಧಾರ. ಕಾಗದದ ಬೆಲೆಯನ್ನು ತೀರ್ಮಾನಿಸುವ ಗುಮಾಸ್ತ ತೀರ್ಪನ್ನು ನೋಡುತ್ತಾನೆ, ಲಗತ್ತನ್ನು ನೋಡುವುದಿಲ್ಲ.

ನಿವೃತ್ತ ಶಿರಸ್ತೇದಾರ: ಲಗತ್ತಿನ ಮಾತು ಒಪ್ಪತಕ್ಕದ್ದು. ಹಾಗಿದ್ದರೆ ಎಲ್ಲವನ್ನೂ ರಾಜಧಾನಿಗೆ ಸಾಗಿಸಿದರೆ ಮುಗಿಯಿತಲ್ಲ, ಹಳ್ಳಿಗಾಡಿನ ನೆಲಮಾಳಿಗೆಯಲ್ಲಿ ಯಾಕೆ ಕೊಳೆಯಬೇಕು?

ಕಡತಪ್ರಿಯ: ಶಿರಸ್ತೇದಾರರೇ, ಅದನ್ನೂ ಮಾಡಿ ನೋಡಿದ್ದಾಗಿದೆ. ಅಮೆರಿಕದ ಉತ್ತರ ಮತ್ತು ದಕ್ಷಿಣ ರಾಜ್ಯಗಳ ನಡುವಿನ ಅಂತರ್ಯುದ್ಧದ ವೇಳೆ ವರ್ಜೀನಿಯಾದ ಹಲವು ಕೌಂಟಿಗಳು ಕ್ಷೇಮವೆಂದು ನಂಬಿ ತಮ್ಮ ನ್ಯಾಯಾಲಯದ ದಾಖಲೆಗಳನ್ನು ರಾಜಧಾನಿ ರಿಚ್‌ಮಂಡಿಗೆ ಕಳಿಸಿದವು. 1865ರ ಏಪ್ರಿಲ್ 3ರಂದು ಊರು ಬಿಟ್ಟು ಹೋಗುತ್ತಿದ್ದ ದಕ್ಷಿಣದ ಸೇನೆ ಗೋದಾಮುಗಳಿಗೆ ಇಟ್ಟ ಬೆಂಕಿ ಹಬ್ಬಿ, ಅವು ಅಲ್ಲಿಯೇ ಬೂದಿಯಾದವು. ಹಾಗೆಂದು ಊರಲ್ಲೇ ಉಳಿದವೆಲ್ಲ ಬದುಕಿದವು ಎನ್ನಲೂ ಬರುವುದಿಲ್ಲ. ಬಕಿಂಗ್‌ಹ್ಯಾಮ್ ಕೌಂಟಿಯ ನ್ಯಾಯಾಲಯವೇ 1869ರಲ್ಲಿ ಸುಟ್ಟುಹೋಯಿತು. ಮೂಲ ಒಂದೆಡೆ, ಮೈಕ್ರೋಫಿಲ್ಮ್ ಅಥವಾ ಸ್ಕ್ಯಾನ್ ಪ್ರತಿ ಇನ್ನೊಂದೆಡೆ ಇರಲೇಬೇಕು.

ಕಾಗದ ಸಂರಕ್ಷಕಿ: ಸ್ಕ್ಯಾನ್ ಆಯಿತೆಂದು ಮೂಲವನ್ನು ಗುಜರಿಗೆ ಹಾಕುವ ಹೊಸ ಚಾಳಿಗೆ ಮಾತ್ರ ನನ್ನ ಒಪ್ಪಿಗೆಯಿಲ್ಲ. ಶಾಯಿ ಬದಲಾದದ್ದು, ಹೆಸರನ್ನು ಕೆರೆದು ತಿದ್ದಿದ್ದು, ಹಾಳೆಯನ್ನು ಆಮೇಲೆ ಸೇರಿಸಿದ್ದು, ಇವೆಲ್ಲ ಕಪ್ಪುಬಿಳುಪಿನ ಪಿಡಿಎಫ್‌ನಲ್ಲಿ ಬಹುಪಾಲು ಕಾಣೆಯಾಗುತ್ತವೆ.

ನಿವೃತ್ತ ಶಿರಸ್ತೇದಾರ: ಸರಿ, ಪಟ್ಟಿಯ ಬೇಡಿಕೆಗೆ ನನ್ನ ವಿರೋಧವಿಲ್ಲ. ಸುಡುವ ಮುನ್ನ ವರ್ಷ, ಪಕ್ಷಕಾರರ ಹೆಸರು, ಲಗತ್ತುಗಳ ವಿವರ ಈ ಮೂರನ್ನು ಬರೆದು ನೋಟಿಸ್ ಬೋರ್ಡಿಗೆ ಹಾಕಲಿ. ಬರೆಯುವ ಕೆಲಸವನ್ನು ಇತಿಹಾಸಾಸಕ್ತರೇ ಗಡುವಿನೊಳಗೆ ಮಾಡಿಕೊಡಲಿ. ಗಡುವು ಮೀರಿದರೆ ಕಚೇರಿಯನ್ನು ದೂರಬಾರದು.

ಕಡತಪ್ರಿಯ: ಒಪ್ಪಿದೆ, ಆದರೆ ಗಡುವು ಎಣಿಕೆಯಾಗಬೇಕಾದದ್ದು ನೆಲಮಾಳಿಗೆಯ ಬೀಗ ತೆಗೆದುಕೊಟ್ಟ ದಿನದಿಂದ, ಆದೇಶ ಹೊರಡಿಸಿದ ದಿನದಿಂದಲ್ಲ.