ಅಪ್‌ಡೇಟ್: ಬಸವಕಲ್ಯಾಣದಲ್ಲಿ ಗೆಳೆಯರ ಮದುವೆ ನಡೆಸಿಕೊಟ್ಟೆ

ಪುರೋಹಿತನೂ ಜಂಗಮನೂ ಅಲ್ಲದ ನಾನು, ಅಂತರ್ಜಾತಿ ವಿವಾಹವಾಗುತ್ತಿರುವ ಆಪ್ತ ಗೆಳೆಯರಿಬ್ಬರ ಮದುವೆಯನ್ನು ಅವರ ಕೋರಿಕೆಯಂತೆ ನಡೆಸಿಕೊಡಬಹುದೇ, ಅದು ಕಾನೂನಿನಲ್ಲಿ ನಿಲ್ಲುತ್ತದೆಯೇ ಎಂದು ಹಿಂದೆ ಕೇಳಿದ್ದೆ. ಮದುವೆ ಕಳೆದ ವಾರ ಬಸವಕಲ್ಯಾಣದಲ್ಲಿ ಸಾಂಗವಾಗಿ ನೆರವೇರಿತು.

ಕಾನೂನಿನ ಭಾಗ ಸರಳ. 1954ರ ವಿಶೇಷ ವಿವಾಹ ಕಾಯ್ದೆಯಡಿ ಇಬ್ಬರೂ ನೋಟಿಸು ಕೊಟ್ಟು, 30 ದಿನ ಕಾದು, ಮೂವರು ಸಾಕ್ಷಿಗಳೊಂದಿಗೆ ವಿವಾಹಾಧಿಕಾರಿಯ ಎದುರು ಸಹಿ ಹಾಕಿದ್ದರು. ಆದ್ದರಿಂದ ಮಂಟಪದಲ್ಲಿ ನನ್ನ ಮಾತಿನ ಮೇಲೆ ಕಾನೂನಿನ ಭಾರವೇನೂ ಇರಲಿಲ್ಲ.

ಕಷ್ಟವಾದದ್ದು ಏನು ಹೇಳಬೇಕೆಂಬುದು. 12ನೆಯ ಶತಮಾನದಲ್ಲಿ ಇದೇ ಕಲ್ಯಾಣದಲ್ಲಿ ಸಮಗಾರ ಕುಲದ ಶರಣ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಕುಲದಿಂದ ಬಂದ ಶರಣ ಮಧುವರಸರ ಮಗಳಿಗೂ ನಡೆಯಿತೆನ್ನುವ ಮದುವೆಯನ್ನು ನೆನೆಯಬೇಕೆಂದುಕೊಂಡಿದ್ದೆ. ಆದರೆ ಆ ಬೀಗರಿಬ್ಬರಿಗೂ ಎಳೆಹೂಟೆ ಶಿಕ್ಷೆಯಾದ (ಆನೆಯ ಕಾಲಿಗೆ ಕಟ್ಟಿ ಎಳೆಸಿ ಕೊಂದ) ಕಥೆಯನ್ನು ಶುಭಕಾರ್ಯದಲ್ಲಿ ಎತ್ತುವುದೇಕೆ ಎಂದು ವಧುವಿನ ದೊಡ್ಡಪ್ಪನವರು ಆಕ್ಷೇಪಿಸಿದರು. ಅವರ ಮಾತಿನಲ್ಲಿ ನ್ಯಾಯವಿತ್ತು. ಆದರೂ ಆ ಊರಿನಲ್ಲೇ ನಿಂತು ಅದನ್ನು ಬಿಟ್ಟುಬಿಡುವುದು ಸರಿಕಾಣದೆ, ಶಿಕ್ಷೆಯ ಪ್ರಸ್ತಾಪವಿಲ್ಲದೆ ಎರಡೇ ವಾಕ್ಯಗಳಲ್ಲಿ ಹೇಳಿದೆ. ದೊಡ್ಡಪ್ಪನವರು ತಲೆದೂಗಲಿಲ್ಲ, ಎದ್ದೂ ಹೋಗಲಿಲ್ಲ.

ಬಸವಣ್ಣನವರ ವಚನಗಳನ್ನು ಓದಿ ಪ್ರತಿಜ್ಞೆ ಹೇಳಿಸುತ್ತಿದ್ದಾಗ, ನಾನು ಉಸಿರಿಗೆಂದು ನಿಲ್ಲಿಸಿದ್ದನ್ನೇ ಮುಹೂರ್ತವೆಂದು ತಿಳಿದ ಹಿಂದಿನ ಸಾಲಿನವರು ಅಕ್ಕಿಕಾಳು ತೂರಿದರು. ಅದನ್ನು ಕಂಡು ಬಾಜಾದವರೂ ಶುರುಮಾಡಿಬಿಟ್ಟರು. ವರನ ಪ್ರತಿಜ್ಞೆಯ ಉಳಿದರ್ಧ ನನಗೇ ಕೇಳಿಸಲಿಲ್ಲ. ವಧುವಿಗೆ ಕೇಳಿಸಿತಂತೆ, ಅಷ್ಟು ಸಾಕು. ನಿಜವಾಗಿ ತಾಳಿ ಕಟ್ಟುವ ಹೊತ್ತಿಗೆ ಅನೇಕರ ಕೈಯಲ್ಲಿ ಕಾಳೇ ಉಳಿದಿರಲಿಲ್ಲವಾದ್ದರಿಂದ, ಅವರೆಲ್ಲ ಚಪ್ಪಾಳೆ ತಟ್ಟಿಯೇ ಹರಸಿದರು.